ಸ್ಪೇನಿನ ದೊಡ್ಡವರು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೇನ್ ಅಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಫುಟ್‌ಬಾಲ್ ಮತ್ತು ಗೂಳಿ ಕಾಳಗ. ಅದರಾಚೆ ಸ್ವಲ್ಪ ಓದಲು ಶುರು ಮಾಡಿದವರಿಗೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಎಲ್ಲರ ಹೆಸರೂ ಇಲ್ಲಿಲ್ಲ. ನನಗೆ ಮುಖ್ಯ ಅನಿಸಿದವರ ಬಗ್ಗೆ ಜಾಸ್ತಿ ಬರೆದಿದ್ದೇನೆ. ಇವರ ಬದುಕು ಓದುತ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಈ ನಾಡು ತನ್ನ ಒಳ್ಳೆಯ ಮಕ್ಕಳನ್ನು ತಾನೇ ಹೊರಗೆ ಅಟ್ಟಿದೆ, ಜೈಲಿಗೆ ಹಾಕಿದೆ, ಕೊಂದೂ ಇದೆ. ಅವರ ಕೆಲಸವನ್ನು ಕೊಂಡಾಡುವಾಗ ಇದನ್ನೂ ಹೇಳಲೇಬೇಕು.

ಕೊಲಂಬಸ್ ಸ್ಪೇನಿನವನಾ?

ಅಲ್ಲ. ಅವನು ಇಟಲಿಯ ಜಿನೋವಾದವನು. ಹಡಗು, ಹಣ, ಅಧಿಕಾರ ಕೊಟ್ಟವರು ಕ್ಯಾಸ್ಟೀಲಿನ ರಾಣಿ ಇಸಬೆಲ್ಲಾ ಮತ್ತು ಅವಳ ಗಂಡ, ಅರಗಾನಿನ ರಾಜ ಫರ್ಡಿನಂಡ್. 1492ರ ಆಗಸ್ಟ್ 3ರಂದು ಪಾಲೋಸ್ ಎಂಬ ಬಂದರಿನಿಂದ ಹೊರಟ ಕೊಲಂಬಸ್ ಅಕ್ಟೋಬರ್ 12ಕ್ಕೆ ನೆಲ ಕಂಡ.

ಅದೇ ವರ್ಷ ಇನ್ನೇನೇನು ಆಯಿತು ಅನ್ನುವುದನ್ನೂ ಗಮನಿಸಿ. ಜನವರಿ 2ರಂದು ಗ್ರಾನಡಾ ಶರಣಾಯಿತು. ಅಲ್ಲಿಗೆ ಸ್ಪೇನಿನಲ್ಲಿ ಮುಸ್ಲಿಂ ಅರಸರ ಆಳ್ವಿಕೆ ಮುಗಿಯಿತು. ಮಾರ್ಚ್ 31ರಂದು ಯಹೂದಿಗಳಿಗೆ ಆಜ್ಞೆ ಹೊರಟಿತು: ಮತ ಬದಲಿಸಿ, ಇಲ್ಲವೇ ನಾಡು ಬಿಡಿ. ಎಷ್ಟೋ ತಲೆಮಾರುಗಳಿಂದ ಅಲ್ಲೇ ಇದ್ದ ವೈದ್ಯರು, ಅನುವಾದಕರು, ವ್ಯಾಪಾರಿಗಳು ಕೆಲವೇ ತಿಂಗಳಲ್ಲಿ ಮನೆ ಮಾರಿ ಹೊರಟರು. ಆಗಸ್ಟ್ ತಿಂಗಳಲ್ಲಿ ಆಂಟೋನಿಯೊ ದೆ ನೆಬ್ರಿಹಾ ಬರೆದ ಸ್ಪ್ಯಾನಿಶ್ ವ್ಯಾಕರಣ ಸಲಮಾಂಕಾದಲ್ಲಿ ಅಚ್ಚಾಯಿತು. ಇಸಬೆಲ್ಲಾಳನ್ನು ದೊಡ್ಡ ರಾಣಿ ಅನ್ನುವವರು ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಭೂಮಿಯನ್ನು ಮೊದಲು ಸುತ್ತಿದವನು ಮೆಗಲನ್ ಅಲ್ವಾ?

ಪಾಠದಲ್ಲಿ ಹಾಗೇ ಓದಿದ್ದೇವೆ. ಮೆಗಲನ್ ಪೋರ್ಚುಗಲ್‌ನವನು, ಸ್ಪೇನಿನ ರಾಜನಿಗಾಗಿ ಹೊರಟವನು. 1521ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸ್‌ನ ಮಾಕ್ಟಾನ್ ದ್ವೀಪದ ಕಾಳಗದಲ್ಲಿ ಸತ್ತ. ಯಾನವನ್ನು ಮುಗಿಸಿದವನು ಬಾಸ್ಕ್ ನಾಡಿನ ಗೆತಾರಿಯಾ ಊರಿನ ಹುವಾನ್ ಸೆಬಾಸ್ಟಿಯನ್ ಎಲ್ಕಾನೊ. 1519ರಲ್ಲಿ ಐದು ಹಡಗು, ಸುಮಾರು 240 ಜನ ಹೊರಟಿದ್ದರು. 1522ರ ಸೆಪ್ಟೆಂಬರ್ 6ಕ್ಕೆ ವಾಪಸ್ ಬಂದದ್ದು 'ವಿಕ್ಟೋರಿಯಾ' ಅನ್ನುವ ಒಂದೇ ಹಡಗು. ಅದರಲ್ಲಿ ಉಳಿದವರು 18 ಜನ, ಜೊತೆಗೆ ಲವಂಗದ ಮೂಟೆಗಳು. ದಾರಿಯಲ್ಲಿ ಕೇಪ್ ವರ್ಡ್ ದ್ವೀಪದಲ್ಲಿ ನಿಂತಾಗ ಅಲ್ಲಿನ ತಾರೀಖು ತಮ್ಮ ಲೆಕ್ಕಕ್ಕಿಂತ ಒಂದು ದಿನ ಮುಂದೆ ಇರುವುದು ಗೊತ್ತಾಗಿ ಅವರಿಗೆ ಗಾಬರಿಯಾಗಿತ್ತು. ಪಶ್ಚಿಮಕ್ಕೆ ಸುತ್ತಿದರೆ ಒಂದು ದಿನ ಕಳೆದುಹೋಗುತ್ತದೆ ಅನ್ನುವುದು ಅನುಭವಕ್ಕೆ ಬಂದದ್ದು ಆಗ.

ಅಮೆರಿಕದ ಮೂಲ ಜನರಿಗೆ ಸ್ಪೇನ್ ಅನ್ಯಾಯ ಮಾಡಲಿಲ್ಲವಾ? ಆಗ ಯಾರೂ ಪ್ರಶ್ನಿಸಲಿಲ್ಲವಾ?

ಮಾಡಿತು, ಬಹಳ ಘೋರವಾಗಿ. ಪ್ರಶ್ನಿಸಿದವರೂ ಇದ್ದರು. ಅವರಲ್ಲಿ ಮುಖ್ಯ ಹೆಸರು ಬಾರ್ತೊಲೊಮೆ ದೆ ಲಾಸ್ ಕಾಸಾಸ್. ಈತನೂ ಮೊದಲು ಅಲ್ಲಿ ಜಮೀನು, ಬಿಟ್ಟಿ ಆಳುಗಳನ್ನು ಪಡೆದವನೇ. 1514ರಲ್ಲಿ ಅವನ್ನೆಲ್ಲ ಬಿಟ್ಟುಕೊಟ್ಟು, ಉಳಿದ ಬದುಕನ್ನೆಲ್ಲ ಆ ಜನರ ಪರ ವಾದಿಸುವುದಕ್ಕೆ ಇಟ್ಟ. 1550ರಲ್ಲಿ ವಯ್ಯಾದೊಲಿದ್ ನಗರದಲ್ಲಿ ರಾಜನ ಅಪ್ಪಣೆಯಂತೆ ಒಂದು ದೊಡ್ಡ ಚರ್ಚೆ ನಡೆಯಿತು. ಆ ಜನರನ್ನು ಯುದ್ಧ ಮಾಡಿ ಗೆಲ್ಲುವುದು ನ್ಯಾಯವೇ ಅನ್ನುವುದೇ ಪ್ರಶ್ನೆ. ಅವರು ನಮ್ಮಂತೆಯೇ ಬುದ್ಧಿಯುಳ್ಳ ಮನುಷ್ಯರು ಅಂತ ಲಾಸ್ ಕಾಸಾಸ್ ದಿನಗಟ್ಟಲೆ ವಾದಿಸಿದ.

ಅವನ ಬದುಕಿನಲ್ಲಿ ಒಂದು ಕಪ್ಪು ಕಲೆ ಇದೆ. ಮೂಲ ಜನರನ್ನು ಉಳಿಸಲು ಆಫ್ರಿಕಾದಿಂದ ಗುಲಾಮರನ್ನು ತರಬಹುದು ಎಂದು ಒಮ್ಮೆ ಸಲಹೆ ಕೊಟ್ಟಿದ್ದ. ಅದು ಅಷ್ಟೇ ದೊಡ್ಡ ಪಾಪ ಅಂತ ಮುಂದೆ ತಾನೇ ಬರೆದುಕೊಂಡ.

ಇಬ್ನ್ ರುಷ್ದ್, ಮೈಮೊನಿಡಿಸ್ ಇವರನ್ನು ಸ್ಪೇನಿನವರು ಅನ್ನಬಹುದಾ?

ಇಬ್ಬರೂ ಹುಟ್ಟಿದ್ದು ಕೊರ್ದೊಬಾದಲ್ಲಿ. ಮುಸ್ಲಿಂ ಚಿಂತಕ ಇಬ್ನ್ ರುಷ್ದ್ 1126ರಲ್ಲಿ, ಯಹೂದಿ ಚಿಂತಕ ಮೈಮೊನಿಡಿಸ್ 1138ರಲ್ಲಿ. ಆಗ ಸ್ಪೇನ್ ಅನ್ನುವ ದೇಶವೇ ಇರಲಿಲ್ಲ. ಆದರೂ ಆ ಮಣ್ಣಿನ ಮಕ್ಕಳು ಅನ್ನುವುದರಲ್ಲಿ ತಪ್ಪಿಲ್ಲ. ಅರಿಸ್ಟಾಟಲ್‌ನ ಪುಸ್ತಕಗಳಿಗೆ ಇಬ್ನ್ ರುಷ್ದ್ ಬರೆದ ವ್ಯಾಖ್ಯಾನಗಳನ್ನು ಓದಿಯೇ ಯುರೋಪಿನ ವಿಶ್ವವಿದ್ಯಾಲಯಗಳು ಬೆಳೆದವು. ಇಬ್ಬರಿಗೂ ಊರಲ್ಲಿ ನೆಮ್ಮದಿ ಸಿಗಲಿಲ್ಲ. ಮೈಮೊನಿಡಿಸ್ ಕುಟುಂಬ ಮತದ ಕಿರುಕುಳ ತಾಳಲಾರದೆ ಓಡಿಹೋಗಿ ಕೊನೆಗೆ ಈಜಿಪ್ಟ್ ಸೇರಿತು. ಇಬ್ನ್ ರುಷ್ದ್ ಮುಪ್ಪಿನಲ್ಲಿ ಗಡೀಪಾರಾದ.

ಸರ್ವಾಂಟಿಸ್ ಒಂದೇ ಪುಸ್ತಕ ಬರೆದು ಅಷ್ಟು ದೊಡ್ಡವನಾದನಾ?

ಬೇರೆ ಪುಸ್ತಕಗಳನ್ನೂ ಬರೆದಿದ್ದಾನೆ, ಆದರೆ ಹೆಸರು ನಿಂತದ್ದು 'ಡಾನ್ ಕ್ವಿಕ್ಸೋಟ್' ಒಂದರಿಂದಲೇ. ಅದನ್ನು ಅರ್ಥ ಮಾಡಿಕೊಳ್ಳಲು ಅವನ ಬದುಕು ಗೊತ್ತಿರಬೇಕು.

ಮಿಗೆಲ್ ದೆ ಸರ್ವಾಂಟಿಸ್ ಹುಟ್ಟಿದ್ದು 1547ರಲ್ಲಿ, ಮ್ಯಾಡ್ರಿಡ್ ಪಕ್ಕದ ಅಲ್ಕಲಾ ದೆ ಎನಾರೆಸ್ ಊರಲ್ಲಿ. 1571ರ ಅಕ್ಟೋಬರ್ 7ರಂದು ಲೆಪಾಂಟೊ ಸಮುದ್ರ ಯುದ್ಧ ನಡೆದಾಗ ಅವನಿಗೆ ಜ್ವರವಿತ್ತು. ಆದರೂ ಹಡಗಿನ ಮೇಲೆ ಬಂದು ಹೋರಾಡಿದ. ಎದೆಗೆ ಎರಡು ಗುಂಡು, ಎಡಗೈಗೆ ಒಂದು. ಆ ಕೈ ಮತ್ತೆ ಕೆಲಸಕ್ಕೆ ಬರಲಿಲ್ಲ. 1575ರಲ್ಲಿ ಊರಿಗೆ ವಾಪಸ್ ಬರುವಾಗ ಕಡಲ್ಗಳ್ಳರು ಹಿಡಿದು ಅಲ್ಜಿಯರ್ಸ್‌ಗೆ ಒಯ್ದರು. ಅವನ ಕಿಸೆಯಲ್ಲಿ ದೊಡ್ಡ ದೊಡ್ಡವರು ಕೊಟ್ಟ ಶಿಫಾರಸು ಪತ್ರಗಳಿದ್ದವು. ಇವನು ಯಾರೋ ಭಾರೀ ಆಸಾಮಿ ಇರಬೇಕು ಅಂದುಕೊಂಡು ಬಿಡುಗಡೆಗೆ ಜಾಸ್ತಿ ಹಣ ಕೇಳಿದರು. ಐದು ವರ್ಷ ಸೆರೆ. ನಾಲ್ಕು ಸಲ ತಪ್ಪಿಸಿಕೊಳ್ಳಲು ನೋಡಿದ, ನಾಲ್ಕೂ ಸಲ ಸಿಕ್ಕಿಬಿದ್ದ. ಕೊನೆಗೆ 1580ರಲ್ಲಿ ಟ್ರಿನಿಟೇರಿಯನ್ ಪಂಥದ ಸನ್ಯಾಸಿಗಳು 500 ಚಿನ್ನದ ನಾಣ್ಯ ಹೊಂದಿಸಿ ಬಿಡಿಸಿದರು.

ಊರಿಗೆ ಬಂದರೆ ಯುದ್ಧದಲ್ಲಿ ಕೈ ಕಳೆದುಕೊಂಡವನಿಗೆ ಒಂದು ಒಳ್ಳೆಯ ಕೆಲಸ ಕೊಡುವವರಿಲ್ಲ. ಸೈನ್ಯಕ್ಕೆ ಕಾಳು, ಎಣ್ಣೆ ಕೂಡಿಸುವ ಕೆಲಸ ಮಾಡಿದ. ಆಮೇಲೆ ತೆರಿಗೆ ವಸೂಲಿ. ಲೆಕ್ಕದಲ್ಲಿ ವ್ಯತ್ಯಾಸ ಬಂತೆಂದು 1597ರಲ್ಲಿ ಸೆವಿಲ್ಲಾದ ಜೈಲು ಸೇರಿದ. ತನ್ನ ಪುಸ್ತಕ ಹುಟ್ಟಿದ್ದು ಜೈಲಿನಲ್ಲಿ ಅನ್ನುವ ಮಾತು ಅದರ ಮುನ್ನುಡಿಯಲ್ಲೇ ಇದೆ.

1605ರಲ್ಲಿ ಮೊದಲ ಭಾಗ ಬಂದಾಗ ಅವನಿಗೆ ಅರವತ್ತರ ಹತ್ತಿರ. ವೀರರ ಕತೆಗಳನ್ನು ಓದಿ ಓದಿ ತಲೆ ಕೆಟ್ಟ ಒಬ್ಬ ಮುದುಕ, ಮುರುಕು ಕವಚ ತೊಟ್ಟು, ಬಡಕಲು ಕುದುರೆ ಹತ್ತಿ ಲೋಕ ಉದ್ಧಾರಕ್ಕೆ ಹೊರಡುತ್ತಾನೆ. ಜೊತೆಗೆ ಸಾಂಚೊ ಅನ್ನುವ ಹಳ್ಳಿಯವನು, ಕತ್ತೆಯ ಮೇಲೆ. ಮೊದಮೊದಲು ಓದುಗರು ನಗುತ್ತಾರೆ. ಹೋಗ್ತಾ ಹೋಗ್ತಾ ಆ ಮುದುಕನ ಮೇಲೆ ಪ್ರೀತಿ ಬರುತ್ತದೆ, ಅವನನ್ನು ಕುಟ್ಟಿ ನಗುವವರ ಮೇಲೆ ಸಿಟ್ಟು ಬರುತ್ತದೆ. ಪುಸ್ತಕದ ಶಕ್ತಿ ಅಲ್ಲಿದೆ.

ಎರಡನೆಯ ಭಾಗದ ಕತೆ ಇನ್ನೂ ಸೊಗಸು. 1614ರಲ್ಲಿ ಅವೆಯಾನೆದಾ ಎಂಬ ಸುಳ್ಳು ಹೆಸರಿನಲ್ಲಿ ಯಾರೋ ನಕಲಿ ಎರಡನೆಯ ಭಾಗ ಹೊರತಂದರು. ಸರ್ವಾಂಟಿಸ್‌ಗೆ ಕೆಂಡದಂಥ ಕೋಪ. 1615ರಲ್ಲಿ ತನ್ನದೇ ಭಾಗ ಪ್ರಕಟಿಸಿದ, ಅದರೊಳಗೇ ಉತ್ತರ ಕೊಟ್ಟ. ನಕಲಿ ಪುಸ್ತಕದಲ್ಲಿ ತಾನು ಸರಗೋಸಾಕ್ಕೆ ಹೋದಂತೆ ಬರೆದಿದ್ದಾರೆ ಎಂದು ಕತೆಯ ನಾಯಕನಿಗೇ ಗೊತ್ತಾಗುತ್ತದೆ. ಹಾಗಾದರೆ ನಾನು ಆ ಊರಿಗೆ ಕಾಲಿಡುವುದಿಲ್ಲ ಅಂತ ಬಾರ್ಸಿಲೋನಾ ಕಡೆ ತಿರುಗುತ್ತಾನೆ. ಪಾತ್ರವೇ ತನ್ನ ಬಗ್ಗೆ ಬಂದ ಪುಸ್ತಕಗಳನ್ನು ಚರ್ಚಿಸುವ ಇಂಥ ಬರವಣಿಗೆ 400 ವರ್ಷ ಹಿಂದೆ! ಈಗ ಓದಿದರೂ ಮೈ ಜುಮ್ಮೆನ್ನುತ್ತದೆ.

ಸರ್ವಾಂಟಿಸ್, ಶೇಕ್ಸ್‌ಪಿಯರ್ ಒಂದೇ ದಿನ ಸತ್ತರು ಅನ್ನುವುದು ನಿಜವಾ?

ಇಲ್ಲ. ಸರ್ವಾಂಟಿಸ್ 1616ರ ಏಪ್ರಿಲ್ 22ರಂದು ತೀರಿಕೊಂಡ, ಮರುದಿನ ಮಣ್ಣು ಮಾಡಿದರು. ಶೇಕ್ಸ್‌ಪಿಯರ್ ಸತ್ತ ಏಪ್ರಿಲ್ 23 ಇಂಗ್ಲೆಂಡಿನ ಹಳೆಯ ಕ್ಯಾಲೆಂಡರಿನದು. ಸ್ಪೇನ್ ಆಗಲೇ ಹೊಸ ಕ್ಯಾಲೆಂಡರಿಗೆ ಬದಲಾಗಿತ್ತು. ಎರಡಕ್ಕೂ ಹತ್ತು ದಿನ ಅಂತರ. ಆದರೂ ಏಪ್ರಿಲ್ 23ನ್ನು ಯುನೆಸ್ಕೊ ವಿಶ್ವ ಪುಸ್ತಕ ದಿನ ಮಾಡಿತು. ಸ್ಪ್ಯಾನಿಶ್ ಭಾಷೆಯ ದೊಡ್ಡ ಪ್ರಶಸ್ತಿಯಾದ ಸರ್ವಾಂಟಿಸ್ ಪ್ರಶಸ್ತಿಯನ್ನೂ ಅದೇ ದಿನ ಅವನ ಹುಟ್ಟೂರಲ್ಲಿ ಕೊಡುತ್ತಾರೆ.

ವೆಲಾಸ್ಕೆಸ್ ಚಿತ್ರಗಳಲ್ಲಿ ಅಂಥದ್ದೇನಿದೆ?

ಅವನು ರಾಜ ನಾಲ್ಕನೆಯ ಫಿಲಿಪ್‌ನ ಆಸ್ಥಾನದ ಚಿತ್ರಕಾರ. 1656ರ 'ಲಾಸ್ ಮೆನಿನಾಸ್' ಅವನ ಹೆಸರಾಂತ ಚಿತ್ರ. ನಡುವೆ ಪುಟ್ಟ ರಾಜಕುಮಾರಿ, ಸುತ್ತ ಸಖಿಯರು, ನಾಯಿ, ಪಕ್ಕದಲ್ಲಿ ಬಣ್ಣದ ಹಲಗೆ ಹಿಡಿದ ವೆಲಾಸ್ಕೆಸ್. ಹಿಂದಿನ ಕನ್ನಡಿಯಲ್ಲಿ ಮಸುಕಾಗಿ ರಾಜ, ರಾಣಿ. ಅಂದರೆ ಅವರು ನಿಂತಿರಬೇಕಾದ ಜಾಗದಲ್ಲಿ ನಾವು ನಿಂತಿದ್ದೇವೆ. ಪಿಕಾಸೊ 1957ರಲ್ಲಿ ಈ ಒಂದು ಚಿತ್ರದ ಹಿಂದೆ ಬಿದ್ದು 58 ಚಿತ್ರಗಳ ಸರಣಿಯನ್ನೇ ಬರೆದ.

ನನಗೆ ಇದಕ್ಕಿಂತ ಹತ್ತಿರವಾದದ್ದು ಹುವಾನ್ ದೆ ಪರೇಹಾ ಅನ್ನುವವನ ಚಿತ್ರ. ಪರೇಹಾ ವೆಲಾಸ್ಕೆಸ್‌ನ ಗುಲಾಮ. ಹೌದು, ಆ ಕಾಲದ ದೊಡ್ಡ ಕಲಾವಿದನ ಮನೆಯಲ್ಲಿ ಗುಲಾಮನಿದ್ದ. 1650ರಲ್ಲಿ ರೋಮ್‌ನಲ್ಲಿ ಅವನ ಚಿತ್ರ ಬರೆದಾಗ, ರಾಜರಿಗೆ ಕೊಡುವ ಘನತೆಯನ್ನೇ ಅವನ ಮುಖಕ್ಕೂ ಕೊಟ್ಟ. ಅದೇ ವರ್ಷ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿದ. ಮುಂದೆ ಪರೇಹಾ ತಾನೇ ಚಿತ್ರಕಾರನಾದ. ಅವನ ಒಂದು ಚಿತ್ರ ಈಗ ಪ್ರಾಡೊ ಮ್ಯೂಸಿಯಂನಲ್ಲಿ, ಮಾಜಿ ಯಜಮಾನನ ಚಿತ್ರಗಳಿರುವ ಅದೇ ಕಟ್ಟಡದಲ್ಲಿದೆ.

ಗೋಯಾನ ಚಿತ್ರಗಳು ಅಷ್ಟೊಂದು ಭಯ ಹುಟ್ಟಿಸುವುದು ಯಾಕೆ?

ಕಂಡದ್ದನ್ನು ಮುಚ್ಚಿಡದೆ ಬರೆದ, ಅದಕ್ಕೆ. ಫ್ರಾನ್ಸಿಸ್ಕೊ ಗೋಯಾ 1746ರಲ್ಲಿ ಫುಎಂದೆತೊದೊಸ್ ಅನ್ನುವ ಪುಟ್ಟ ಹಳ್ಳಿಯಲ್ಲಿ ಹುಟ್ಟಿದ. ಆಸ್ಥಾನದ ಚಿತ್ರಕಾರನಾಗಿ ಮೇಲೇರಿದ. 1792ರ ಕೊನೆಯಲ್ಲಿ ಬಂದ ಕಾಯಿಲೆಯಿಂದ ಪೂರ್ತಿ ಕಿವುಡನಾದ. ಆಮೇಲೆ ಅವನ ಕೈಯಿಂದ ಬಂದ ಕೆಲಸವೇ ಬೇರೆ.

1808ರ ಮೇ 2ರಂದು ಮ್ಯಾಡ್ರಿಡ್ ಜನ ನೆಪೋಲಿಯನ್ನನ ಸೈನ್ಯದ ಮೇಲೆ ಎದ್ದರು. ರಾತ್ರಿಯಿಂದ ಮರುದಿನದವರೆಗೆ ಆ ಸೈನಿಕರು ಸಿಕ್ಕಸಿಕ್ಕವರನ್ನು ಸಾಲಾಗಿ ನಿಲ್ಲಿಸಿ ಗುಂಡು ಹಾರಿಸಿದರು. ಗೋಯಾ 1814ರಲ್ಲಿ ಅದನ್ನು ಚಿತ್ರಿಸಿದ. ಬಿಳಿ ಅಂಗಿಯ ಒಬ್ಬ ಕೂಲಿಯವನು ಎರಡೂ ಕೈ ಎತ್ತಿ ನಿಂತಿದ್ದಾನೆ. ಅವನ ಮುಖ, ಕಣ್ಣು ಎಲ್ಲ ಕಾಣುತ್ತದೆ. ಕೊಲ್ಲುವ ಸೈನಿಕರ ಒಂದು ಮುಖವೂ ಕಾಣುವುದಿಲ್ಲ, ಬರೀ ಬೆನ್ನು. ಅಲ್ಲಿಯವರೆಗಿನ ಯುದ್ಧದ ಚಿತ್ರಗಳಲ್ಲಿ ಸೇನಾಪತಿ ನಡುವೆ ಇರುತ್ತಿದ್ದ. ಗೋಯಾ ಸಾಯುವವನನ್ನು ನಡುವೆ ತಂದ.

ಅದೇ ಯುದ್ಧದ ಬಗ್ಗೆ ಮಾಡಿದ ಅಚ್ಚುಚಿತ್ರಗಳನ್ನು ಅವನು ಬದುಕಿದ್ದಾಗ ಪ್ರಕಟಿಸಲು ಆಗಲೇ ಇಲ್ಲ. ಅವು ಹೊರಬಂದದ್ದು 1863ರಲ್ಲಿ, ಅವನು ಸತ್ತು 35 ವರ್ಷದ ಮೇಲೆ. ಮುಪ್ಪಿನಲ್ಲಿ ಮ್ಯಾಡ್ರಿಡ್ ಹೊರಗಿನ ತನ್ನ ಮನೆಯ ಗೋಡೆಗಳ ಮೇಲೇ 14 ಕಪ್ಪು ಚಿತ್ರಗಳನ್ನು ಬರೆದ. ಯಾರಿಗೂ ತೋರಿಸಲು ಬರೆದದ್ದಲ್ಲ. ಆಮೇಲೆ ಗೋಡೆಯಿಂದ ಬಿಡಿಸಿ ಬಟ್ಟೆಗೆ ಅಂಟಿಸಿದರು. 1824ರಲ್ಲಿ ರಾಜನ ದಬ್ಬಾಳಿಕೆಗೆ ಬೇಸತ್ತು ಫ್ರಾನ್ಸಿಗೆ ಹೋದ, 1828ರಲ್ಲಿ ಬೋರ್ಡೊದಲ್ಲಿ ಸತ್ತ. ಮೂಳೆಗಳನ್ನು ಸ್ಪೇನಿಗೆ ತರಲೆಂದು ಸಮಾಧಿ ತೆರೆದರೆ ತಲೆಬುರುಡೆಯೇ ಇರಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಪಿಕಾಸೊನ 'ಗೆರ್ನಿಕಾ' ಚಿತ್ರ ಸ್ಪೇನಿಗೆ ತಡವಾಗಿ ಬಂದದ್ದು ಯಾಕೆ?

1937ರ ಏಪ್ರಿಲ್ 26, ಸೋಮವಾರ, ಸಂತೆಯ ದಿನ. ಸ್ಪೇನಿನಲ್ಲಿ ಆಗ ಅಂತರ್ಯುದ್ಧ. ಗಣರಾಜ್ಯ ಸರಕಾರದ ವಿರುದ್ಧ ದಂಗೆ ಎದ್ದ ಸೇನಾಪತಿ ಫ್ರಾಂಕೊ ಪರವಾಗಿ ಬಂದ ಜರ್ಮನ್ ಮತ್ತು ಇಟಲಿ ವಿಮಾನಗಳು ಬಾಸ್ಕ್ ನಾಡಿನ ಗೆರ್ನಿಕಾ ಊರಿನ ಮೇಲೆ ಬಾಂಬು ಸುರಿದವು. ಪ್ಯಾರಿಸ್‌ನಲ್ಲಿದ್ದ ಪಿಕಾಸೊಗೆ ಅಲ್ಲಿನ ವಸ್ತುಪ್ರದರ್ಶನಕ್ಕೆ ಒಂದು ದೊಡ್ಡ ಚಿತ್ರ ಬರೆದುಕೊಡಿ ಅಂತ ಸ್ಪೇನಿನ ಗಣರಾಜ್ಯ ಸರಕಾರ ಮೊದಲೇ ಕೇಳಿತ್ತು. ಸುದ್ದಿ ಓದಿದ ಮೇಲೆ ಮೇ 1ರಂದು ಕೈ ಹಚ್ಚಿದ. ಜೂನ್ ಮೊದಲ ವಾರದ ಹೊತ್ತಿಗೆ ಮುಗಿಯಿತು. ಅಗಲ ಸುಮಾರು 7.8 ಮೀಟರ್, ಎತ್ತರ 3.5 ಮೀಟರ್. ಬರೀ ಕಪ್ಪು, ಬಿಳುಪು, ಬೂದು. ಸತ್ತ ಮಗುವನ್ನು ಎತ್ತಿಕೊಂಡು ಕೂಗುವ ತಾಯಿ, ಚೀರುವ ಕುದುರೆ. ವಿಮಾನ ಎಲ್ಲೂ ಇಲ್ಲ.

ಯುದ್ಧದಲ್ಲಿ ಫ್ರಾಂಕೊ ಗೆದ್ದ. ಸ್ಪೇನಿನಲ್ಲಿ ಜನರ ಸ್ವಾತಂತ್ರ್ಯ ಮರಳುವವರೆಗೆ ಚಿತ್ರ ಅಲ್ಲಿಗೆ ಹೋಗಕೂಡದು ಅಂತ ಪಿಕಾಸೊ ಕಟ್ಟುಮಾಡಿದ. ಅದು ನ್ಯೂಯಾರ್ಕ್‌ನಲ್ಲಿ ಉಳಿಯಿತು. 1934ರ ನಂತರ ಪಿಕಾಸೊ ತಾನೂ ತಾಯ್ನಾಡಿಗೆ ಕಾಲಿಡಲಿಲ್ಲ. 1973ರಲ್ಲಿ ಫ್ರಾನ್ಸ್‌ನಲ್ಲೇ ಸತ್ತ. ಎರಡು ವರ್ಷದ ಮೇಲೆ ಫ್ರಾಂಕೊ ಸತ್ತ. ಚಿತ್ರ 1981ರ ಸೆಪ್ಟೆಂಬರ್‌ನಲ್ಲಿ ಮ್ಯಾಡ್ರಿಡ್‌ಗೆ ಬಂತು.

ಪಿಕಾಸೊ ತನ್ನ ಬದುಕಿನ ಹೆಂಗಸರನ್ನು ಕೆಟ್ಟದಾಗಿ ನಡೆಸಿಕೊಂಡ ಅನ್ನುವುದು ನಿಜ. ಅದನ್ನು ಚಿತ್ರದ ದೊಡ್ಡತನದ ಕೆಳಗೆ ಮುಚ್ಚುವುದು ಸರಿಯಲ್ಲ.

ಗೌಡಿಯ ಚರ್ಚು ಇನ್ನೂ ಮುಗಿದಿಲ್ಲ ಯಾಕೆ?

ಬಾರ್ಸಿಲೋನಾದ ಆ ಚರ್ಚು, ಸಗ್ರಾದಾ ಫಮಿಲಿಯಾ, ಕೆಲಸ ಶುರುವಾದದ್ದು 1882ರಲ್ಲಿ. ಮರುವರ್ಷ ಆಂಟೋನಿ ಗೌಡಿ ವಹಿಸಿಕೊಂಡ, ಆಗ 31 ವರ್ಷ. ಕಾಣಿಕೆ ಹಣದಿಂದ ಕಟ್ಟುವ ಚರ್ಚಾದ್ದರಿಂದ ದುಡ್ಡು ಬಂದಷ್ಟೇ ಕೆಲಸ. 1936ರಲ್ಲಿ ಅವನ ನಕ್ಷೆಗಳಿಗೆ ಬೆಂಕಿ ಹಚ್ಚಿದರು, ಪ್ಲಾಸ್ಟರ್ ಮಾದರಿಗಳನ್ನು ಒಡೆದರು. ಆ ಚೂರುಗಳನ್ನು ಜೋಡಿಸಿ ಮುಂದಿನವರು ಕಟ್ಟಬೇಕಾಯಿತು. ಗೌಡಿ 1926ರಲ್ಲಿ ಟ್ರಾಮ್ ಬಡಿದು ಬಿದ್ದಾಗ ಬಟ್ಟೆ ನೋಡಿ ಭಿಕ್ಷುಕ ಅಂದುಕೊಂಡು ಬಡವರ ಆಸ್ಪತ್ರೆಗೆ ಸೇರಿಸಿದ್ದರು. ಮೂರು ದಿನಕ್ಕೆ ಸತ್ತ. ಅದೇ ಚರ್ಚಿನ ನೆಲಮಾಳಿಗೆಯಲ್ಲಿ ಅವನ ಸಮಾಧಿ ಇದೆ. ನಡುಗೋಪುರಕ್ಕೆ ಅವನು ಇಟ್ಟ ಎತ್ತರ 172.5 ಮೀಟರ್. ಪಕ್ಕದ ಮೊಂಜುಯಿಕ್ ಗುಡ್ಡಕ್ಕಿಂತ ಸ್ವಲ್ಪ ಕಡಿಮೆ. ದೇವರು ಮಾಡಿದ್ದಕ್ಕಿಂತ ಮನುಷ್ಯ ಕಟ್ಟಿದ್ದು ಎತ್ತರ ಇರಬಾರದು ಅನ್ನುವುದು ಅವನ ನಂಬಿಕೆ.

ಸ್ಪೇನಿನಲ್ಲಿ ಕಲಾವಿದರೇ ಜಾಸ್ತಿ, ವಿಜ್ಞಾನಿಗಳು ಇಲ್ವಾ?

ಇದ್ದಾರೆ. ನನ್ನನ್ನು ಕೇಳಿದರೆ ಸ್ಪೇನ್ ಲೋಕಕ್ಕೆ ಕೊಟ್ಟ ದೊಡ್ಡ ಹೆಸರುಗಳಲ್ಲಿ ಸಾಂತಿಯಾಗೊ ರಮೋನ್ ಇ ಕಹಾಲ್ ಮೊದಲ ಸಾಲಿನವನು. ನಮ್ಮ ಮಿದುಳು ಬಿಡಿ ಬಿಡಿ ನರಕೋಶಗಳಿಂದ ಆಗಿದೆ ಅನ್ನುವುದನ್ನು ತೋರಿಸಿಕೊಟ್ಟವನು ಅವನೇ.

1852ರಲ್ಲಿ ಹುಟ್ಟಿದ. ಮಹಾ ತುಂಟ. 11ನೇ ವಯಸ್ಸಿನಲ್ಲಿ ಮರದ ಫಿರಂಗಿ ಮಾಡಿ ಪಕ್ಕದ ಮನೆಯ ಗೇಟು ಹಾರಿಸಿ ಲಾಕಪ್ ಕಂಡವನು. ಚಿತ್ರಕಾರನಾಗುವ ಆಸೆ. ವೈದ್ಯನಾಗಿದ್ದ ಅಪ್ಪನಿಗೆ ಅದು ಸುತರಾಂ ಇಷ್ಟವಿಲ್ಲ. ಕ್ಷೌರದವನ ಹತ್ತಿರ, ಚಮ್ಮಾರನ ಹತ್ತಿರ ಕೆಲಸಕ್ಕೆ ಹಾಕಿದ. ಕೊನೆಗೆ ಅಪ್ಪನಿಗೆ ಒಂದು ಉಪಾಯ ಹೊಳೆಯಿತು. ಮಗನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿ ಮೂಳೆಗಳ ಚಿತ್ರ ಬರೆಸಿದ. ಅಲ್ಲಿಂದ ಹುಡುಗ ಅಂಗರಚನೆಯ ಕಡೆ ತಿರುಗಿದ.

ಇಟಲಿಯ ಗೊಲ್ಜಿ ಎಂಬಾತ ಬೆಳ್ಳಿಯ ದ್ರಾವಣದಿಂದ ನರಕೋಶಗಳಿಗೆ ಬಣ್ಣ ಕೊಡುವ ವಿಧಾನ ಕಂಡುಹಿಡಿದಿದ್ದ. ಅದರ ಸೊಗಸು ಏನೆಂದರೆ ಸಾವಿರಾರು ಕೋಶಗಳಲ್ಲಿ ಕೆಲವು ಮಾತ್ರ ಕಪ್ಪಾಗುತ್ತವೆ. ಹಾಗಾಗಿ ಒಂದೊಂದು ಕೋಶದ ಕೊಂಬೆ ಕೊಂಬೆಯೂ ಕಾಣುತ್ತದೆ. ಕಹಾಲ್ ಆ ವಿಧಾನವನ್ನು ತಿದ್ದಿ, ಎಳೆಯ ಪ್ರಾಣಿಗಳ ಮಿದುಳಿನ ಮೇಲೆ ಬಳಸಿದ. ಮಿದುಳು ಪೂರ್ತಿ ಒಂದೇ ಕೂಡಿಕೊಂಡ ಬಲೆ ಅಂತ ಆಗ ಗೊಲ್ಜಿಯೂ ಸೇರಿ ಬಹಳ ಮಂದಿ ನಂಬಿದ್ದರು. ಹಾಗಲ್ಲ, ಪ್ರತಿ ಕೋಶವೂ ಬೇರೆ, ತುದಿಗಳು ಹತ್ತಿರ ಬರುತ್ತವೆ ಅಷ್ಟೇ ಅಂತ 1888ರಲ್ಲಿ ಬಾರ್ಸಿಲೋನಾದಿಂದ ಕಹಾಲ್ ಬರೆದ. ಪ್ರಕಟಿಸಲು ತಾನೇ ಒಂದು ಪತ್ರಿಕೆ ಹೊರಡಿಸಿದ. ಸ್ಪ್ಯಾನಿಶ್‌ನಲ್ಲಿದ್ದ ಅದನ್ನು ಹೊರಗೆ ಯಾರೂ ಓದಲಿಲ್ಲ. 1889ರಲ್ಲಿ ಸೂಕ್ಷ್ಮದರ್ಶಕದ ಗಾಜುಗಳನ್ನು ಹೊತ್ತು ಬರ್ಲಿನ್‌ಗೆ ಹೋದ. ಅಲ್ಲಿ ಹೆಸರಾಂತ ಅಂಗರಚನಾ ತಜ್ಞ ಕ್ಯೋಲಿಕರ್ ಆ ಗಾಜುಗಳನ್ನು ನೋಡಿ ಒಪ್ಪಿಕೊಂಡ. ಅಂದಿನಿಂದ ಲೋಕ ಕಿವಿಗೊಟ್ಟಿತು.

1906ರ ನೊಬೆಲ್ ಕಹಾಲ್, ಗೊಲ್ಜಿ ಇಬ್ಬರಿಗೂ ಸೇರಿ ಬಂತು. ಗೊಲ್ಜಿ ಆ ವೇದಿಕೆಯ ಮೇಲೇ ಕಹಾಲ್‌ನ ವಾದ ತಪ್ಪು ಅಂತ ಭಾಷಣ ಮಾಡಿದ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೋಶಗಳ ನಡುವಿನ ಸಂದನ್ನು ಕಣ್ಣಿಗೆ ತೋರಿಸಿದಾಗ ಕಹಾಲ್ ಸರಿ ಅನ್ನುವುದು ಪಕ್ಕಾ ಆಯಿತು. ಅವನು ಕೈಯಲ್ಲಿ ಬರೆದ ಚಿತ್ರಗಳು ಇವತ್ತಿನ ನರವಿಜ್ಞಾನದ ಪಠ್ಯಗಳಲ್ಲೂ ಇವೆ. ಅಪ್ಪ ಬೇಡ ಅಂದ ಚಿತ್ರಕಲೆಯೇ ಕೊನೆಗೂ ಕೈ ಹಿಡಿಯಿತು.

ಇನ್ನಿಬ್ಬರ ಹೆಸರು ಹೇಳುತ್ತೇನೆ. ಸೆವೆರೊ ಒಚೋವಾ 1959ರಲ್ಲಿ ನೊಬೆಲ್ ಪಡೆದ, ಆದರೆ ಅಷ್ಟರಲ್ಲಿ ಅಮೆರಿಕದ ಪ್ರಜೆಯಾಗಿದ್ದ. ಅವನ ಬಳಿ ಕೆಲಸ ಕಲಿತ ಮಾರ್ಗರಿಟಾ ಸಾಲಾಸ್ ಸ್ಪೇನಿಗೆ ಮರಳಿ, ಒಂದು ವೈರಸ್‌ನಿಂದ ಡಿಎನ್‌ಎ ನಕಲು ಮಾಡುವ ಕಿಣ್ವವನ್ನು ಬೇರ್ಪಡಿಸಿದಳು. ಅಲ್ಲಿನ ಸರಕಾರಿ ಸಂಶೋಧನಾ ಮಂಡಳಿಗೆ ಅತಿ ಹೆಚ್ಚು ಹಣ ತಂದ ಪೇಟೆಂಟ್ ಅದು.

ಸ್ಪೇನಿನ ಹೆಂಗಸರಿಗೆ ಮತದ ಹಕ್ಕು ಯಾರು ಕೊಡಿಸಿದರು?

ಕ್ಲಾರಾ ಕಾಂಪೊಅಮೋರ್. 1888ರಲ್ಲಿ ಮ್ಯಾಡ್ರಿಡ್‌ನ ಸಾಮಾನ್ಯ ಮನೆಯಲ್ಲಿ ಹುಟ್ಟಿದವಳು. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡ. ಬಟ್ಟೆ ಹೊಲಿದಳು, ಟೆಲಿಗ್ರಾಫ್ ಕಚೇರಿಯಲ್ಲಿ ದುಡಿದಳು, ಮೂವತ್ತು ದಾಟಿದ ಮೇಲೆ ಓದಿ ವಕೀಲೆಯಾದಳು. 1931ರಲ್ಲಿ ಹೆಂಗಸರು ಚುನಾವಣೆಗೆ ನಿಲ್ಲಬಹುದಿತ್ತು, ಮತ ಹಾಕುವಂತಿರಲಿಲ್ಲ! ಹಾಗೆ ಆರಿಸಿ ಬಂದವಳು ಕ್ಲಾರಾ. ಅವಳದೇ ಪಕ್ಷದವರು ವಿರೋಧಿಸಿದರು. ಸಭೆಯಲ್ಲಿದ್ದ ಇನ್ನೊಬ್ಬ ಮಹಿಳೆ ವಿಕ್ಟೋರಿಯಾ ಕೆಂಟ್ ಕೂಡ, ಹೆಂಗಸರು ಚರ್ಚಿನ ಮಾತು ಕೇಳಿ ಮತ ಹಾಕುತ್ತಾರೆ, ಈಗಲೇ ಬೇಡ ಅಂದಳು. ಹಕ್ಕು ಅನ್ನುವುದು ಅನುಕೂಲ ನೋಡಿ ಕೊಡುವಂಥದ್ದಲ್ಲ ಅನ್ನುವುದು ಕ್ಲಾರಾಳ ನಿಲುವು. ಅಕ್ಟೋಬರ್ 1ರಂದು 161ಕ್ಕೆ 121 ಮತಗಳಿಂದ ಗೆದ್ದಳು.

1933ರಲ್ಲಿ ಹೆಂಗಸರು ಮೊದಲ ಸಲ ಮತ ಹಾಕಿದಾಗ ಬಲಪಂಥದವರು ಗೆದ್ದರು. ಎಲ್ಲರೂ ಅವಳನ್ನೇ ದೂರಿದರು. ಅವಳ ಸ್ಥಾನವೂ ಹೋಯಿತು. 1936ರಲ್ಲಿ ದೇಶ ಬಿಟ್ಟವಳು ಅರ್ಜೆಂಟೀನಾ, ಆಮೇಲೆ ಸ್ವಿಟ್ಜರ್ಲೆಂಡ್‌ನಲ್ಲಿ ಬದುಕಿದಳು. ಮರಳಿದರೆ ಜೈಲು ಕಾದಿತ್ತು. 1972ರಲ್ಲಿ ಲೋಸಾನ್‌ನಲ್ಲಿ ತೀರಿಕೊಂಡಳು. ಅವಳ ಬೂದಿ ಸ್ಪೇನಿಗೆ ಬಂತು.

ಲೋರ್ಕಾನನ್ನು ಯಾಕೆ ಕೊಂದರು?

ಫೆದೆರಿಕೊ ಗಾರ್ಸಿಯಾ ಲೋರ್ಕಾ ಕವಿ, ನಾಟಕಕಾರ, ಪಿಯಾನೊ ನುಡಿಸುವವನು. ಗ್ರಾನಡಾ ಬಯಲಿನ ಫುಎಂತೆ ವಕೆರೋಸ್ ಹಳ್ಳಿಯವನು. 1932ರಿಂದ 'ಲಾ ಬರ್ರಾಕಾ' ಎಂಬ ವಿದ್ಯಾರ್ಥಿ ತಂಡ ಕಟ್ಟಿಕೊಂಡು, ನೀಲಿ ಕೆಲಸದ ಬಟ್ಟೆ ತೊಟ್ಟು, ಲಾರಿಯಲ್ಲಿ ಸಾಮಾನು ಹೇರಿ ಹಳ್ಳಿ ಹಳ್ಳಿಗೆ ಹೋಗಿ ಹಳೆಯ ಸ್ಪ್ಯಾನಿಶ್ ನಾಟಕಗಳನ್ನು ಆಡಿಸಿದ. ನಾಟಕವನ್ನೇ ನೋಡಿರದ ರೈತರು ಚೌಕದಲ್ಲಿ ನಿಂತು ನೋಡಿದರು. ಅವನ ಸ್ವಂತ ನಾಟಕಗಳಲ್ಲಿ ಹಳ್ಳಿಯ ಹೆಂಗಸರ ಕಟ್ಟಿಹಾಕಿದ ಬದುಕು ಇದೆ.

1936ರ ಜುಲೈನಲ್ಲಿ ಅಂತರ್ಯುದ್ಧ ಶುರುವಾಯಿತು. ಗ್ರಾನಡಾ ಫ್ರಾಂಕೊ ಕಡೆಯವರ ಕೈ ಸೇರಿತು. ಗಣರಾಜ್ಯದ ಪರ ಇದ್ದವನು, ಸಲಿಂಗಕಾಮಿ, ಊರಿನ ಸಿರಿವಂತರನ್ನು ಟೀಕಿಸಿದವನು, ಇಷ್ಟು ಸಾಕಾಯಿತು. ಆಗಸ್ಟ್‌ನಲ್ಲಿ ಹಿಡಿದೊಯ್ದು, ವಿಸ್ನಾರ್ ಮತ್ತು ಅಲ್ಫಕಾರ್ ನಡುವೆ ಗುಂಡಿಟ್ಟು ಕೊಂದರು. 38 ವರ್ಷ. ಜೊತೆಗೆ ಒಬ್ಬ ಕುಂಟ ಶಾಲೆ ಮೇಷ್ಟ್ರನ್ನೂ ಕೊಂದರು. ಲೋರ್ಕಾನ ದೇಹ ಇನ್ನೂ ಸಿಕ್ಕಿಲ್ಲ. ಅವನ ಕೊನೆಯ ನಾಟಕ 1945ರಲ್ಲಿ ಮೊದಲ ಸಲ ರಂಗಕ್ಕೆ ಬಂದದ್ದು ಸ್ಪೇನಿನಲ್ಲಲ್ಲ, ಬ್ಯೂನಸ್ ಐರಿಸ್‌ನಲ್ಲಿ.

ಫ್ಲಮೆಂಕೊಗೂ ಭಾರತಕ್ಕೂ ಸಂಬಂಧ ಇದೆಯಂತೆ, ಹೌದಾ?

ನೇರ ಸಂಬಂಧ ಹೇಳುವುದು ಅತಿಯಾಗುತ್ತದೆ. ಫ್ಲಮೆಂಕೊ ಅಂದರೆ ಹಾಡು, ಕುಣಿತ, ಗಿಟಾರ್ ಸೇರಿದ ಸ್ಪೇನಿನ ಕಲೆ. ಅದನ್ನು ಬೆಳೆಸಿದವರಲ್ಲಿ ಹಿತಾನೊ ಜನ ಮುಖ್ಯರು. ಇವರು ರೋಮಾ ಜನ. ಇವರ ಹಿರಿಯರು ಭಾರತದ ವಾಯುವ್ಯ ಭಾಗದಿಂದ ಹೊರಟವರು, 15ನೇ ಶತಮಾನದಲ್ಲಿ ಸ್ಪೇನ್ ತಲುಪಿದರು. ಆದರೆ ಫ್ಲಮೆಂಕೊ ಹುಟ್ಟಿದ್ದು ಆಂದಲೂಸಿಯಾದಲ್ಲಿ, ಅಲ್ಲಿನ ಎಲ್ಲ ಜನರ ಹಾಡುಗಳು ಬೆರೆತು. 1749ರಲ್ಲಿ ರಾಜನ ಆಜ್ಞೆಯಂತೆ ಸಾವಿರಾರು ಹಿತಾನೊಗಳನ್ನು ಹಿಡಿದು ಗಂಡಸರನ್ನು, ಹೆಂಗಸರನ್ನು ಬೇರೆ ಮಾಡಿ ಕೂಡಿಹಾಕಿದ್ದರು. ಆ ಹಾಡಿನಲ್ಲಿರುವ ನೋವಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಗಿಟಾರ್ ಕೇಳಬೇಕು ಅನ್ನುವವರು ಪಾಕೊ ದೆ ಲೂಸಿಯಾನಿಂದ ಶುರು ಮಾಡಿ. ಪೆರು ದೇಶದ ಕಹೋನ್ ಎಂಬ ಮರದ ಪೆಟ್ಟಿಗೆ ವಾದ್ಯವನ್ನು ಫ್ಲಮೆಂಕೊಗೆ ತಂದವನು ಅವನು. ಈಗ ಬೆಂಗಳೂರಿನ ಬ್ಯಾಂಡುಗಳಲ್ಲೂ ಅದು ಮಾಮೂಲು.

ಕರ್ನಾಟಕದ ಬಗ್ಗೆ ಕೆಲಸ ಮಾಡಿದ ಸ್ಪೇನಿನವರು ಯಾರಾದರೂ ಇದ್ದಾರಾ?

ಇದ್ದಾರೆ, ಮತ್ತು ಅವರ ಹೆಸರು ನಮ್ಮಲ್ಲಿ ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು. ಫಾದರ್ ಹೆನ್ರಿ ಹೆರಾಸ್. 1888ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ಜೆಸುಯಿಟ್ ಪಾದ್ರಿ. 1922ರಲ್ಲಿ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಇತಿಹಾಸ ಕಲಿಸಲು ಬಂದರು. ಬಂದ ಐದೇ ವರ್ಷಕ್ಕೆ, 1927ರಲ್ಲಿ, ವಿಜಯನಗರದ ಅರವೀಡು ವಂಶದ ಮೇಲೆ ದಪ್ಪ ಪುಸ್ತಕ ಬರೆದರು. ತಾಳಿಕೋಟೆ ಯುದ್ಧಕ್ಕೆ ವಿಜಯನಗರದ ಕತೆ ಮುಗಿಯಿತು ಅಂದುಕೊಂಡವರಿಗೆ, ಆಮೇಲೂ ಪೆನುಕೊಂಡೆ, ಚಂದ್ರಗಿರಿಗಳಿಂದ ಅರಸರು ಆಳಿದ್ದನ್ನು ಶಾಸನಗಳು ಮತ್ತು ಜೆಸುಯಿಟ್ ಪತ್ರಗಳನ್ನು ಕೂಡಿಸಿ ತೋರಿಸಿದರು.

1929ರಲ್ಲಿ ವಿಜಯನಗರ ಹೇಗೆ ಹುಟ್ಟಿತು ಅನ್ನುವುದರ ಮೇಲೆ ಇನ್ನೊಂದು ಪುಸ್ತಕ. ಹರಿಹರ, ಬುಕ್ಕರು ಹೊಯ್ಸಳ ಮೂರನೇ ಬಲ್ಲಾಳನ ಕಡೆಯವರು, ರಾಜ್ಯದ ಬೇರು ಕನ್ನಡ ನೆಲದಲ್ಲೇ ಇದೆ ಅನ್ನುವುದು ಅವರ ವಾದ. ವಿದ್ಯಾರಣ್ಯರು ರಾಜ್ಯ ಕಟ್ಟಿಸಿದರು ಅನ್ನುವ ಕತೆ ಬಹಳ ತಡವಾಗಿ ಹುಟ್ಟಿದ್ದು ಅಂತಲೂ ಬರೆದರು. ಇದಕ್ಕೆ ವಿರೋಧ ಬಂತು, ವಾದ ಇನ್ನೂ ನಡೆದಿದೆ. ಅವರ ಎಲ್ಲ ತೀರ್ಮಾನ ಒಪ್ಪಬೇಕಿಲ್ಲ. ಸಿಂಧೂ ಲಿಪಿಯನ್ನು ದ್ರಾವಿಡ ಅಂತ ಓದಲು ಹೋಗಿ ಅವರು ಹೇಳಿದ ಓದುಗಳನ್ನು ಇವತ್ತು ಪಂಡಿತರು ಒಪ್ಪುವುದಿಲ್ಲ. ಆದರೆ ಹಂಪಿಯ ಇತಿಹಾಸವನ್ನು ಆಧಾರ ಇಟ್ಟು ವಾದಿಸುವುದನ್ನು ಗಟ್ಟಿ ಮಾಡಿದವರಲ್ಲಿ ಅವರೂ ಒಬ್ಬರು. 1955ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. 1981ರಲ್ಲಿ ಭಾರತ ಸರಕಾರ ಅವರ ಅಂಚೆಚೀಟಿ ತಂದಿತು.

ಗೋವಾದ ಸೇಂಟ್ ಫ್ರಾನ್ಸಿಸ್ ಝೇವಿಯರ್ ಕೂಡ ಸ್ಪೇನಿನವರಾ?

ಹೌದು, ನವಾರ್ರಾದ ಹಾವಿಯೆರ್ ಕೋಟೆಯಲ್ಲಿ 1506ರಲ್ಲಿ ಹುಟ್ಟಿದವರು. 1542ರ ಮೇ 6ರಂದು ಗೋವಾಕ್ಕೆ ಬಂದರು, ಜಪಾನ್‌ವರೆಗೆ ಹೋದರು, 1552ರಲ್ಲಿ ಚೀನಾ ಕರಾವಳಿಯ ದ್ವೀಪವೊಂದರಲ್ಲಿ ಸತ್ತರು. ಅವರ ದೇಹ ಹಳೆ ಗೋವಾದ ಬೋಮ್ ಜೀಸಸ್ ಬೆಸಿಲಿಕಾದಲ್ಲಿದೆ. ಕೋಟ್ಯಂತರ ಜನ ಅವರನ್ನು ಪ್ರೀತಿಯಿಂದ ನೆನೆಯುತ್ತಾರೆ. ಗೋವಾಕ್ಕೆ ಇನ್‌ಕ್ವಿಸಿಷನ್ (ಮತ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ) ಬೇಕು ಎಂದು ಪೋರ್ಚುಗಲ್ ರಾಜನಿಗೆ ಪತ್ರ ಬರೆದವರೂ ಅವರೇ. ಅದು ಅವರು ಸತ್ತ ಮೇಲೆ, 1560ರಲ್ಲಿ ಬಂತು. ಅದರ ಕಿರುಕುಳವೂ ಸೇರಿ ಹಲವು ಕಾರಣಕ್ಕೆ ಗೋವಾ ಬಿಟ್ಟು ನಮ್ಮ ಕರಾವಳಿಗೆ ಬಂದ ಕೊಂಕಣಿ ಕುಟುಂಬಗಳು ಬಹಳ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಎರಡೂ ನೆನಪು ಇವೆ.

ವಿಸೆಂತೆ ಫೆರ್ರೆರ್ ಯಾರು?

ಗಡಿಯಾಚೆ ಅನಂತಪುರದಲ್ಲಿ ಈ ಹೆಸರು ಹೇಳಿ ನೋಡಿ, ಹಳ್ಳಿಯವರೇ ಹೇಳುತ್ತಾರೆ. 1920ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿ, 1952ರಲ್ಲಿ ಜೆಸುಯಿಟ್ ಆಗಿ ಭಾರತಕ್ಕೆ ಬಂದರು. ಮಹಾರಾಷ್ಟ್ರದ ಮನ್ಮಾಡ್‌ನಲ್ಲಿ ಬಡ ರೈತರಿಂದ ಬಾವಿ ತೋಡಿಸಿದರು. ಅದು ಅಲ್ಲಿನ ಬಲಾಢ್ಯರಿಗೆ ಹಿಡಿಸಲಿಲ್ಲ. 1968ರಲ್ಲಿ ದೇಶ ಬಿಡಲು ಆಜ್ಞೆಯಾಯಿತು. ಸಾವಿರಾರು ರೈತರು ಅವರ ಪರ ಮೆರವಣಿಗೆ ಮಾಡಿದರು. ಇಂದಿರಾ ಗಾಂಧಿ ಮರಳಲು ಅವಕಾಶ ಕೊಟ್ಟರು. 1969ರಲ್ಲಿ ಬರಗಾಲದ ಅನಂತಪುರಕ್ಕೆ ಬಂದು, ಮುಂದೆ ಪಾದ್ರಿತನ ಬಿಟ್ಟು, ಹೆಂಡತಿ ಆನ್ ಜೊತೆ ಗ್ರಾಮೀಣ ಅಭಿವೃದ್ಧಿ ಸಂಸ್ಥೆ ಬೆಳೆಸಿದರು. ಮನೆ, ಶಾಲೆ, ಬತ್ತಲಪಲ್ಲಿಯ ಆಸ್ಪತ್ರೆ ಹೀಗೆ ಕೆಲಸ ಹಬ್ಬಿತು, ದಲಿತರ ಕೇರಿಗಳಿಂದಲೇ ಶುರುವಾಗಿ. 2009ರಲ್ಲಿ ಅಲ್ಲೇ ತೀರಿಕೊಂಡರು.

ಆಟಗಾರರ ಬಗ್ಗೆ?

ರಫೇಲ್ ನಡಾಲ್: 22 ಗ್ರ್ಯಾಂಡ್ ಸ್ಲಾಮ್, ಅದರಲ್ಲಿ 14 ಫ್ರೆಂಚ್ ಓಪನ್. ಫೆರ್ರೆರ್ ಸಂಸ್ಥೆಯ ಜೊತೆ ಸೇರಿ 2010ರಲ್ಲಿ ಅನಂತಪುರದಲ್ಲೇ ಬಡ ಮಕ್ಕಳಿಗೆ ಟೆನಿಸ್ ಶಾಲೆ ತೆರೆದ. ಫುಟ್‌ಬಾಲ್‌ನಲ್ಲಿ 2010ರ ಗಂಡಸರ ವಿಶ್ವಕಪ್, 2023ರ ಹೆಂಗಸರ ವಿಶ್ವಕಪ್ ಎರಡೂ ಸ್ಪೇನಿನದು. ಬೆಂಗಳೂರು ಎಫ್‌ಸಿ 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದಾಗ ಕೋಚ್ ಆಲ್ಬರ್ಟ್ ರೋಕಾ, 2019ರಲ್ಲಿ ಐಎಸ್ಎಲ್ ಗೆದ್ದಾಗ ಕಾರ್ಲೆಸ್ ಕ್ವಾದ್ರಾತ್. ಇಬ್ಬರೂ ಸ್ಪೇನಿನವರು. ಚೆಸ್ ಆಡುವ ಮಕ್ಕಳು ಕಲಿಯುವ ರೂಯ್ ಲೋಪೆಸ್ ಆರಂಭ 16ನೇ ಶತಮಾನದ ಸ್ಪ್ಯಾನಿಶ್ ಪಾದ್ರಿಯ ಹೆಸರಿನದು.

ಟ್ಯಾಗೋರರನ್ನು ಸ್ಪ್ಯಾನಿಶ್‌ಗೆ ತಂದವರು ಯಾರು?

ಸೆನೋಬಿಯಾ ಕಂಪ್ರುಬಿ. 1915ರಿಂದ ಇಂಗ್ಲಿಷ್ ಮೂಲಕ ಒಂದರ ಮೇಲೊಂದು ಪುಸ್ತಕ ತಂದಳು. ಗಂಡ, ಕವಿ ಹುವಾನ್ ರಮೋನ್ ಹಿಮೆನೆಸ್ ಸಾಲುಗಳನ್ನು ತಿದ್ದಿ ಕೊಟ್ಟ. ಸ್ಪ್ಯಾನಿಶ್ ಓದುವ ಲೋಕಕ್ಕೆಲ್ಲ ಟ್ಯಾಗೋರ್ ತಲುಪಿದ್ದು ಹೆಚ್ಚಾಗಿ ಈ ಜೋಡಿಯಿಂದ. 1936ರಲ್ಲಿ ಇಬ್ಬರೂ ದೇಶ ಬಿಟ್ಟರು, ಮತ್ತೆ ಸ್ಪೇನಿನಲ್ಲಿ ಬದುಕಲಿಲ್ಲ. 1956ರ ಅಕ್ಟೋಬರ್ 25ರಂದು ಗಂಡನಿಗೆ ನೊಬೆಲ್ ಬಂತು. ಮೂರೇ ದಿನಕ್ಕೆ ಪೋರ್ಟೊ ರಿಕೋದಲ್ಲಿ ಸೆನೋಬಿಯಾ ತೀರಿಕೊಂಡಳು.

ಇವರ ಕೆಲಸವನ್ನು ನೋಡಬೇಕು ಅಂದರೆ ಎಲ್ಲಿಗೆ ಹೋಗಬೇಕು?

ಮ್ಯಾಡ್ರಿಡ್‌ಗೆ ಹೋದರೆ ವೆಲಾಸ್ಕೆಸ್, ಗೋಯಾ ಇಬ್ಬರೂ ಪ್ರಾಡೊದಲ್ಲಿ ಸಿಗುತ್ತಾರೆ. ಕೊನೆಯ ಎರಡು ಗಂಟೆ ಪ್ರವೇಶ ಉಚಿತ. ಸಾಲು ಉದ್ದ ಇರುತ್ತದೆ, ಬೇಗ ಹೋಗಿ ನಿಲ್ಲಿ. 'ಗೆರ್ನಿಕಾ' ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದ ರೇನಾ ಸೋಫಿಯಾದಲ್ಲಿದೆ. ಅದಕ್ಕೆ ಮಂಗಳವಾರ ರಜೆ. ಅಲ್ಕಲಾಕ್ಕೆ ಲೋಕಲ್ ರೈಲಿದೆ, ಸರ್ವಾಂಟಿಸ್ ಹುಟ್ಟಿದ ಮನೆಯ ಜಾಗ ಈಗ ಮ್ಯೂಸಿಯಂ. ಗ್ರಾನಡಾದಲ್ಲಿ ಲೋರ್ಕಾ ಕುಟುಂಬದ ಬೇಸಿಗೆ ಮನೆ ಇದೆ.

ಅಷ್ಟು ದೂರ ಆಗದಿದ್ದರೆ ಮುಂಬಯಿಗೆ ಹೋದಾಗ ಸೇಂಟ್ ಝೇವಿಯರ್ಸ್ ಕಾಲೇಜಿನ ಹೆರಾಸ್ ಸಂಸ್ಥೆ ನೋಡಿ. ಅವರು ಕೂಡಿಸಿದ ಪುಸ್ತಕಗಳು, ಮೂರ್ತಿಗಳು ಅಲ್ಲಿವೆ. ವಿಜಯನಗರದ ಮೇಲೆ ಕೆಲಸ ಮಾಡುವ ನಮ್ಮ ವಿದ್ಯಾರ್ಥಿಗಳು ಆ ಗ್ರಂಥಾಲಯವನ್ನು ಬಳಸಿಕೊಳ್ಳಲೇಬೇಕು.